ಕಡವಿನ ದರ ಮತ್ತು ಏಕಸ್ವಾಮ್ಯದ ನ್ಯಾಯ

ನಾನು ಹುಡುಗನಾಗಿದ್ದಾಗ ನಮ್ಮೂರಿನಿಂದ ಪೇಟೆಗೆ ಹೋಗಬೇಕಾದರೆ ಹೊಳೆ ದಾಟಬೇಕಾಗಿತ್ತು. ಹತ್ತಿರದಲ್ಲಿ ಇದ್ದುದು ಒಂದೇ ಕಡವು. ಅದರ ಗುತ್ತಿಗೆಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಬಹುಕಾಲ ಒಂದಾಣೆಯಾಗಿದ್ದ ದೋಣಿಯ ದರವು ಹೊಸ ಗುತ್ತಿಗೆದಾರರ ಕಾಲದಲ್ಲಿ ಎರಡಾಣೆಯಾಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಮೂರಾಣೆಯಾಯಿತು. ತರಕಾರಿಯ ಬುಟ್ಟಿ ಹೊತ್ತು ದಿನವೂ ಸಂತೆಗೆ ಹೋಗುವವರು ಗೊಣಗುತ್ತ ಕೊಟ್ಟರು. ಕೆಲವರು ಮಾತ್ರ ನಾಲ್ಕು ಮೈಲಿ ಮೇಲಕ್ಕೆ ನಡೆದು, ಅಲ್ಲಿದ್ದ ಸೇತುವೆಯನ್ನು ದಾಟತೊಡಗಿದರು. ಕೊನೆಗೆ ಹಿರಿಯರು ಸೇರಿ ಗುತ್ತಿಗೆದಾರರನ್ನು ಕರೆಸಿ ಕೇಳಿದರು: “ಒಬ್ಬನೇ ಇದ್ದೀಯೆಂದು ಹೀಗೆ ಸುಲಿಯುವುದು ನ್ಯಾಯವೋ?” ಅವರು ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ. “ನಾನೊಬ್ಬನೇ ಎಂದು ಯಾರು ಹೇಳಿದವರು? ಮೇಲೆ ಸೇತುವೆ ಇಲ್ಲವೋ? ಈಗಲೇ ಕೆಲವರು ಅತ್ತ ಹೋಗುತ್ತಿದ್ದಾರೆ. ಇನ್ನು ಅರ್ಧಾಣೆ ಏರಿಸಿದರೆ ನನ್ನ ದೋಣಿಯೇ ಖಾಲಿ. ಹೀಗಿರುವಾಗ ನಿಮ್ಮ ಮೇಲೆ ನನಗೆಲ್ಲಿಯ ಅಧಿಕಾರ?”

ಹಿರಿಯರು ಸುಮ್ಮನಾದರು. ಆ ಉತ್ತರದಲ್ಲಿ ಏನೋ ತಪ್ಪಿದೆಯೆಂದು ಎಲ್ಲರಿಗೂ ಅನಿಸಿತ್ತು. ಎಲ್ಲಿ ಎಂಬುದು ಯಾರಿಗೂ ಹೊಳೆಯಲಿಲ್ಲ. ಅದೇ ಬಗೆಯ ಉತ್ತರವನ್ನು 1956ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒಪ್ಪಿಕೊಂಡಿತು. ಕಾನೂನಿನ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ನಾನೂ ಅನೇಕ ವರ್ಷ ಅದನ್ನು ಸರಿಯೆಂದೇ ಪಾಠ ಮಾಡಿದೆ. ಆ ತಪ್ಪಿನ ಕಥೆಯನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ನ್ಯಾಯಾಧೀಶರು ಅರ್ಥಶಾಸ್ತ್ರದ ಅಳತೆಗೋಲನ್ನು ಕೈಗೆತ್ತಿಕೊಂಡಾಗ ಏನಾಗುತ್ತದೆ, ಏನಾಗಬೇಕು ಎಂಬುದು ಅದರಿಂದ ಸ್ವಲ್ಪ ಸ್ಪಷ್ಟವಾದೀತು.

ಏಕಸ್ವಾಮ್ಯವನ್ನು ತಡೆಯುವ ಕಾನೂನು ಎಂದೊಡನೆ ಮೊದಲು ನೆನಪಾಗುವುದು ಅಮೆರಿಕದ 1890ರ ಶಾಸನ. ಓಹಾಯೊ ರಾಜ್ಯದ ಸೆನೆಟರ್ ಜಾನ್ ಶರ್ಮನ್ ಅವರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಅದರ ಮುಖ್ಯ ವಿಧಿಗಳು ಎರಡೇ. ವ್ಯಾಪಾರಕ್ಕೆ ಅಡ್ಡಿಯಾಗುವಂಥ ಒಪ್ಪಂದಗಳನ್ನು ಮಾಡಿಕೊಳ್ಳಕೂಡದು ಎಂಬುದು ಮೊದಲನೆಯದು. ವ್ಯಾಪಾರದ ಯಾವ ಭಾಗವನ್ನೂ ಏಕಸ್ವಾಮ್ಯಕ್ಕೆ ಒಳಪಡಿಸಕೂಡದು ಎಂಬುದು ಎರಡನೆಯದು. ಆದರೆ ಏಕಸ್ವಾಮ್ಯವೆಂದರೇನು ಎಂಬ ವಿವರಣೆಯನ್ನು ಶಾಸನವು ಕೊಡಲಿಲ್ಲ. ಆ ಹೊಣೆ ನ್ಯಾಯಾಧೀಶರ ಮೇಲೆ ಬಿದ್ದಿತು. 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯನ್ನು 34 ಕಂಪನಿಗಳಾಗಿ ಒಡೆಯಬೇಕೆಂದು ತೀರ್ಪಾದಾಗ ಈ ತೊಡಕು ಅಷ್ಟಾಗಿ ಕಾಣಲಿಲ್ಲ. ಅಲ್ಲಿ ಸಂಸ್ಥೆಯ ಗಾತ್ರವೂ ಅದರ ನಡವಳಿಕೆಯೂ ಕಣ್ಣಿಗೆ ರಾಚುವಂತಿದ್ದವು.

ತೊಡಕು ನಿಚ್ಚಳವಾಗಿ ಕಂಡದ್ದು 1945ರಲ್ಲಿ, ಅಲ್ಯೂಮಿನಿಯಮ್ ತಯಾರಿಸುತ್ತಿದ್ದ ಆಲ್ಕೋವ ಕಂಪನಿಯ ಮೊಕದ್ದಮೆಯಲ್ಲಿ. ಸರ್ವೋಚ್ಚ ನ್ಯಾಯಾಲಯದಲ್ಲಿ ಆ ಮೊಕದ್ದಮೆಯನ್ನು ಕೇಳಲು ಬೇಕಾದಷ್ಟು ನ್ಯಾಯಾಧೀಶರು ಇರಲಿಲ್ಲವಾಗಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯದಲ್ಲಿ ಲರ್ನೆಡ್ ಹ್ಯಾಂಡ್ ಅವರು ತೀರ್ಪು ಬರೆದರು. ಮಾರುಕಟ್ಟೆಯಲ್ಲಿ ಕಂಪನಿಯ ಪಾಲೆಷ್ಟು? ಗಣಿಯ ಅದಿರಿನಿಂದ ತೆಗೆದ ಹೊಸ ಲೋಹವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಶೇಕಡಾ 90ಕ್ಕೂ ಹೆಚ್ಚು. ಗುಜರಿಯನ್ನು ಕರಗಿಸಿ ಪಡೆದ ಲೋಹವನ್ನೂ ಸೇರಿಸಿದರೆ 64. ಕಂಪನಿ ತನ್ನ ಬಳಕೆಗೇ ಇಟ್ಟುಕೊಂಡ ಲೋಹವನ್ನೂ ಕಳೆದರೆ 33. ತೊಂಬತ್ತಾದರೆ ಏಕಸ್ವಾಮ್ಯವೇ ಸರಿ, ಅರವತ್ತನಾಲ್ಕಾದರೆ ಅನುಮಾನ, ಮೂವತ್ತಮೂರಾದರೆ ಖಂಡಿತ ಅಲ್ಲ ಎಂಬುದು ನ್ಯಾಯಾಧೀಶರ ಅಭಿಪ್ರಾಯ. ಅವರು ಮೊದಲನೆಯ ಲೆಕ್ಕವನ್ನೇ ಹಿಡಿದರು. ಕಂಪನಿ ಒಂದೇ, ಕಾರ್ಖಾನೆ ಒಂದೇ; ಅಪರಾಧಿಯೋ ನಿರಪರಾಧಿಯೋ ಎಂಬುದು ಮಾತ್ರ ಭಾಗಾಕಾರದಲ್ಲಿ ಕೆಳಗೆ ಯಾವ ಸಂಖ್ಯೆಯನ್ನು ಬರೆಯುತ್ತೇವೆ ಎಂಬುದನ್ನು ಅವಲಂಬಿಸಿತ್ತು. ಮಾರುಕಟ್ಟೆಯ ಎಲ್ಲೆಯನ್ನು ಎಲ್ಲಿ ಗುರುತಿಸಬೇಕು? ಈ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರವಿಲ್ಲ, ಸಾಕ್ಷ್ಯಶಾಸ್ತ್ರದಲ್ಲೂ ಇಲ್ಲ. ಅರ್ಥಶಾಸ್ತ್ರವು ನ್ಯಾಯಾಲಯದ ಬಾಗಿಲಿನೊಳಕ್ಕೆ ಬಂದದ್ದು ಈ ಕಾರಣದಿಂದ.

ಅರ್ಥಶಾಸ್ತ್ರವು ಕೊಡುವ ಉತ್ತರ ಸರಳವಾದದ್ದು. ಒಂದು ವಸ್ತುವಿನ ಬೆಲೆ ಸ್ವಲ್ಪ ಏರಿದರೆ ಕೊಳ್ಳುವವನು ಬೇರೆ ಯಾವ ವಸ್ತುವಿನ ಕಡೆಗೆ ತಿರುಗುತ್ತಾನೆ ಎಂಬುದನ್ನು ನೋಡಿ. ಬಹುಮಂದಿ ತಿರುಗುವುದಾದರೆ ಆ ಎರಡು ವಸ್ತುಗಳೂ ಒಂದೇ ಮಾರುಕಟ್ಟೆಯವು. ತಿರುಗದಿದ್ದರೆ ಬೇರೆ ಬೇರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಬೇಡಿಕೆಯ ಅಡ್ಡ ಸ್ಥಿತಿಸ್ಥಾಪಕತ್ವವೆಂಬ ದೊಡ್ಡ ಹೆಸರಿದೆ. ಹೆಸರು ದೊಡ್ಡದಾದರೂ ಕಾಫಿಯ ಬೆಲೆ ಏರಿದ ತಿಂಗಳು ಚಹಾ ಕೊಳ್ಳುವ ಗೃಹಿಣಿಗೆ ಇದರ ಅರ್ಥ ಚೆನ್ನಾಗಿ ಗೊತ್ತು.

ಈ ಅಳತೆಗೋಲು ಪ್ರಸಿದ್ಧಿಗೆ ಬಂದದ್ದು ಸೆಲೊಫೇನ್ ಮೊಕದ್ದಮೆಯಿಂದ. ಹೂಗುಚ್ಛಕ್ಕೂ ಮಿಠಾಯಿಯ ಪೊಟ್ಟಣಕ್ಕೂ ಸುತ್ತುವ, ಮುಟ್ಟಿದರೆ ಸರಸರ ಸದ್ದು ಮಾಡುವ ಆ ಪಾರದರ್ಶಕ ಹಾಳೆಯನ್ನು ತಾವೆಲ್ಲ ನೋಡಿದ್ದೀರಿ. ಸ್ವಿಟ್ಜರ್ಲೆಂಡಿನ ರಸಾಯನತಜ್ಞ ಜಾಕ್ ಬ್ರಾಂಡೆನ್‌ಬರ್ಗರ್ ಅದನ್ನು ಕಂಡುಹಿಡಿದವರು. ಅಮೆರಿಕದಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಡ್ಯುಪಾಂಟ್ ಕಂಪನಿ ಪಡೆದು, 1924ರಿಂದ ತಯಾರಿಕೆ ನಡೆಸಿತು. ಅದಕ್ಕೆ ಎದುರಾಗಿ ಇದ್ದುದು ಸಿಲ್ವೇನಿಯ ಎಂಬ ಇನ್ನೊಂದೇ ಕಂಪನಿ. ಅದೂ ಡ್ಯುಪಾಂಟ್ ಕೊಟ್ಟ ಪರವಾನಗಿಯ ಮೇಲೆ ನಡೆಯುತ್ತಿತ್ತು. 1947ರ ಕೊನೆಯಲ್ಲಿ ಸರ್ಕಾರವು ಡ್ಯುಪಾಂಟ್ ಮೇಲೆ ಮೊಕದ್ದಮೆ ಹೂಡಿತು. ದೇಶದಲ್ಲಿ ಮಾರಾಟವಾಗುವ ಸೆಲೊಫೇನಿನಲ್ಲಿ ಸುಮಾರು ಶೇಕಡಾ 75 ಭಾಗ ಈ ಒಂದು ಕಂಪನಿಯದು. ಇದು ಏಕಸ್ವಾಮ್ಯವಲ್ಲದೆ ಮತ್ತೇನು ಎಂಬುದು ಸರ್ಕಾರದ ವಾದ.

ಕಂಪನಿಯ ವಾದ ಚತುರವಾದದ್ದು. ಜನ ಕೊಳ್ಳುವುದು ಸೆಲೊಫೇನನ್ನಲ್ಲ, ಪದಾರ್ಥವನ್ನು ಸುತ್ತುವ ಹಾಳೆಯನ್ನು; ಮೇಣದ ಕಾಗದವಿದೆ, ಗ್ಲಾಸಿನ್ ಎಂಬ ನುಣುಪು ಕಾಗದವಿದೆ, ಲೋಹದ ತೆಳುಹಾಳೆಯಿದೆ, ಹೊಸದಾಗಿ ಬಂದ ಪ್ಲಾಸ್ಟಿಕ್ ಹಾಳೆಗಳಿವೆ; ಇವೆಲ್ಲದರೊಡನೆ ನಾವು ದಿನವೂ ಸೆಣಸುತ್ತಿದ್ದೇವೆ ಎಂದು ಅದು ಹೇಳಿತು. ಹೀಗೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಸೆಲೊಫೇನಿನ ಪಾಲು ಶೇಕಡಾ 20ಕ್ಕೂ ಕಡಿಮೆ. ನ್ಯಾಯಾಲಯದ ಮುಂದೆ ಬಂದ ಅಂಕಿಗಳು ಇದಕ್ಕೆ ಒತ್ತಾಸೆಯಾದವು. ಬ್ರೆಡ್ಡು, ಬನ್ನುಗಳಂಥ ಬೇಕರಿ ಪದಾರ್ಥಗಳ ಹೊದಿಕೆಯಲ್ಲಿ ಸೆಲೊಫೇನಿಗೆ ಶೇಕಡಾ 7ರ ಪಾಲೂ ಇರಲಿಲ್ಲ; ಮಿಠಾಯಿಗಳಲ್ಲಿ 25, ತಾಜಾ ತರಕಾರಿ ಹಣ್ಣುಗಳಲ್ಲಿ 47. ಸಿಗರೇಟಿನಲ್ಲಿ ಮಾತ್ರ 75ರಿಂದ 80. ಸಾಲದ್ದಕ್ಕೆ, ಬೆಲೆಯಲ್ಲೋ ಗುಣದಲ್ಲೋ ಅಲ್ಪ ವ್ಯತ್ಯಾಸವಾದರೂ ಗಿರಾಕಿಗಳು ಒಂದು ಹಾಳೆಯಿಂದ ಇನ್ನೊಂದಕ್ಕೆ ಜಾರುತ್ತಾರೆಂದು ಕೆಳಗಿನ ನ್ಯಾಯಾಲಯ ಕಂಡುಕೊಂಡಿತ್ತು. 1956ರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ಕಕ್ಕೆ ಮೂರರ ಬಹುಮತದಿಂದ ಕಂಪನಿಯ ಪರವಾಗಿ ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸ್ಟ್ಯಾನ್ಲಿ ರೀಡ್.

ನನ್ನ ತರುಣ ವಯಸ್ಸಿನಲ್ಲಿ ಈ ತೀರ್ಪನ್ನು ಓದಿ ನಾನು ಹಿಗ್ಗಿದ್ದೆ. ಕಾನೂನು ಕೊನೆಗೂ ನಮ್ಮ ಶಾಸ್ತ್ರದ ಮಾತು ಕೇಳಿತಲ್ಲ ಎಂಬ ಅಭಿಮಾನ. ಶೇಕಡಾವಾರು ಸಂಖ್ಯೆಗೆ ಬೆದರದೆ ಕೊಳ್ಳುವವನ ಮನಸ್ಸನ್ನು ನೋಡಿದ ತೀರ್ಪು ಇದು ಎಂದು ವರ್ಷ ವರ್ಷವೂ ತರಗತಿಯಲ್ಲಿ ಹೊಗಳಿದೆ. ಹೀಗೆ ಹೊಗಳುತ್ತಿದ್ದ ಒಂದು ದಿನ, ಪಾಠ ಮುಗಿದ ಮೇಲೆ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸಂಕೋಚದಿಂದ ಎದ್ದು ಕೇಳಿದಳು: “ಸಾರ್, ಬೆಲೆ ಇನ್ನೂ ಏರಿದರೆ ಜನ ಬಿಟ್ಟುಹೋಗುತ್ತಾರೆ ಅಂತ ಹೇಳಿದಿರಿ. ಅದು ಆಗಲೇ ಏರಿಬಿಟ್ಟಿದ್ದರೆ?” ನಾನು ಏನೋ ಒಂದು ಸಮಾಧಾನ ಹೇಳಿ, ಪುಸ್ತಕ ಮಡಿಸಿ ಹೊರಬಿದ್ದೆ. ಆ ರಾತ್ರಿ ನನಗೆ ನೆನಪಾದದ್ದು ನ್ಯಾಯಮೂರ್ತಿ ರೀಡ್ ಅಲ್ಲ, ನಮ್ಮೂರಿನ ಕಡವು.

ಒಂದಾಣೆಯ ದರ ಇದ್ದಾಗ ಸೇತುವೆಯ ಕಡೆಗೆ ಯಾರೂ ತಲೆ ಹಾಕುತ್ತಿರಲಿಲ್ಲ. ಆಗ ಎರಡಾಣೆಗೆ ಏರಿಸಿದರೂ ಎಲ್ಲರೂ ದೋಣಿಗೇ ಬಂದರು. ಸೇತುವೆ ಪ್ರತಿಸ್ಪರ್ಧಿಯಾದದ್ದು ಮೂರಾಣೆಯಾದ ಮೇಲೆ. ಗುತ್ತಿಗೆದಾರರು ಇನ್ನೂ ಏರಿಸಲಾರೆನೆಂದದ್ದು ಸುಳ್ಳಲ್ಲ. ಆದರೆ ಏರಿಸಲಾರದ ಜಾಗಕ್ಕೆ ಅವರು ಆಗಲೇ ಏರಿ ಕುಳಿತಿದ್ದರು. ಇದೇ ಇದರ ಒಳಗುಟ್ಟು. ಏಕಸ್ವಾಮ್ಯ ಉಳ್ಳವನು ಲಾಭ ಹೆಚ್ಚುವವರೆಗೆ ಬೆಲೆಯನ್ನು ಏರಿಸುತ್ತಾನೆ. ಇನ್ನು ಏರಿಸಿದರೆ ಗಿರಾಕಿ ಕೈಬಿಟ್ಟುಹೋಗುತ್ತಾನೆ ಎಂಬಲ್ಲಿ ನಿಲ್ಲುತ್ತಾನೆ. ಆದ್ದರಿಂದ ಅವನು ನಿಂತ ಜಾಗದಲ್ಲಿ ನಾವೂ ನಿಂತು ನೋಡಿದರೆ ಸುತ್ತಲೂ ಪ್ರತಿಸ್ಪರ್ಧಿಗಳೇ ಕಾಣುತ್ತಾರೆ. ಜನ ಬೇರೆಡೆಗೆ ತಿರುಗುತ್ತಿರುವುದು ಅವನಿಗೆ ಅಧಿಕಾರವಿಲ್ಲ ಎಂಬುದಕ್ಕೆ ಸಾಕ್ಷಿಯಾಗದೆ, ಅಧಿಕಾರವನ್ನು ಪೂರ್ತಿ ಬಳಸಿಕೊಂಡಿದ್ದಾನೆ ಎಂಬುದಕ್ಕೆ ಸಾಕ್ಷಿಯಾಗಿರಬಹುದು. ಕೇಳಬೇಕಾದ ಪ್ರಶ್ನೆಯನ್ನು ಮೂರಾಣೆಯ ದರದಲ್ಲಿ ನಿಂತು ಕೇಳಬಾರದು. ಪೈಪೋಟಿ ಇದ್ದಿದ್ದರೆ ಇರಬಹುದಾಗಿದ್ದ ಒಂದಾಣೆಯ ದರದಲ್ಲಿ ನಿಂತು ಕೇಳಬೇಕು. ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಈ ತಪ್ಪಿಗೆ ಸೆಲೊಫೇನ್ ಹೇತ್ವಾಭಾಸವೆಂದೇ ಇಂದು ಹೆಸರು.

ಮರುದಿನ ಗ್ರಂಥಾಲಯಕ್ಕೆ ಹೋಗಿ, ಅದುವರೆಗೆ ಮೇಲೆ ಮೇಲೆ ಓದಿ ಬಿಟ್ಟಿದ್ದ ಭಿನ್ನಮತದ ತೀರ್ಪನ್ನು ಮೊದಲಿನಿಂದ ಓದಿದೆ. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಬರೆದದ್ದು ಅದು. ನ್ಯಾಯಮೂರ್ತಿಗಳಾದ ಬ್ಲ್ಯಾಕ್ ಮತ್ತು ಡಗ್ಲಸ್ ಅದಕ್ಕೆ ಸಹಮತಿಸಿದ್ದರು. ಅವರು ಎತ್ತಿ ತೋರಿಸಿದ ಸಂಗತಿ ಎಷ್ಟು ಸಾದಾ ಆದದ್ದು! ಡ್ಯುಪಾಂಟ್ ತನ್ನ ಬೆಲೆಯನ್ನು ಬದಲಿಸಿದಾಗಲೆಲ್ಲ ಸಿಲ್ವೇನಿಯ ಕೂಡಲೇ ಅದನ್ನು ಅನುಸರಿಸಿತು. ಗ್ಲಾಸಿನ್ ಮತ್ತು ಮೇಣದ ಕಾಗದದ ತಯಾರಕರಾದರೋ ಸೆಲೊಫೇನಿನ ಬೆಲೆ ಎಷ್ಟು ಇಳಿದರೂ ತಮ್ಮ ಬೆಲೆಯನ್ನು ಕದಲಿಸಲಿಲ್ಲ. ನಿಜವಾಗಿ ಒಂದೇ ಮಾರುಕಟ್ಟೆಯಲ್ಲಿ ಸೆಣಸುವವರು ಹೀಗೆ ನಿಶ್ಚಿಂತೆಯಿಂದ ಇರುತ್ತಾರೆಯೆ? ಅಗ್ಗದ ಕಾಗದಗಳು ಕಣ್ಣೆದುರಿಗೇ ಇದ್ದರೂ ವ್ಯಾಪಾರಿಗಳು ಹೆಚ್ಚು ಬೆಲೆ ತೆತ್ತು ಸೆಲೊಫೇನನ್ನೇ ಹೆಚ್ಚು ಹೆಚ್ಚಾಗಿ ಏಕೆ ಕೊಂಡರು?

ಅರ್ಥಶಾಸ್ತ್ರಜ್ಞರೂ ಸುಮ್ಮನಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ಒಂದು ವರ್ಷ ಮುಂಚೆ, 1955ರಲ್ಲಿ, ಜಾರ್ಜ್ ಸ್ಟಾಕಿಂಗ್ ಮತ್ತು ವಿಲರ್ಡ್ ಮ್ಯುಲರ್ ಎಂಬಿಬ್ಬರು ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಈ ಮೊಕದ್ದಮೆಯನ್ನೇ ಕುರಿತು ಲೇಖನ ಬರೆದಿದ್ದರು. ಡ್ಯುಪಾಂಟ್ ಕಂಪನಿ ಸೆಲೊಫೇನಿನಂತೆ ರೇಯಾನ್ ನೂಲನ್ನೂ ತಯಾರಿಸುತ್ತಿತ್ತು. ಎರಡಕ್ಕೂ ಮೂಲವಸ್ತು ಸೆಲ್ಯುಲೋಸೇ. ರೇಯಾನ್ ತಯಾರಕರು ಹಲವರಾದಂತೆ ಅದರ ಲಾಭ ಕುಗ್ಗಿತು. ಸೆಲೊಫೇನಿನ ಲಾಭ ಎತ್ತರದಲ್ಲೇ ಉಳಿಯಿತು. ಒಂದೇ ಮನೆಯ ಎರಡು ವ್ಯಾಪಾರಗಳ ಲೆಕ್ಕಪುಸ್ತಕವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಂತಾಯಿತು. ಆದ್ದರಿಂದ ತಪ್ಪಿದ್ದು ಅರ್ಥಶಾಸ್ತ್ರವೇ ಎಂದು ದೂರುವುದು ಸರಿಯಲ್ಲ. ಅರೆ ಅರ್ಥಶಾಸ್ತ್ರದಿಂದ ಆದ ತಪ್ಪನ್ನು ಪೂರ್ಣ ಅರ್ಥಶಾಸ್ತ್ರವೇ ತೋರಿಸಿಕೊಟ್ಟಿತು. ಮುಂದಿನ ವಾರ ತರಗತಿಯಲ್ಲಿ ಆ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. ಆದರೆ ಅದಕ್ಕೆ ಮುಂಚೆ ನನ್ನಿಂದ ತಪ್ಪು ಪಾಠ ಕೇಳಿ ಹೋದವರು ಎಷ್ಟೋ ಮಂದಿ. ಅವರಲ್ಲಿ ವಕೀಲರಾದವರೂ ಉಂಟು.

ಈ ಅಳತೆಗೋಲು ಸರಿಯಾದ ಕೈಯಲ್ಲಿ ಎಷ್ಟು ಉಪಯುಕ್ತ ಎಂಬುದಕ್ಕೂ ಒಂದು ನಿದರ್ಶನ ಕೊಡಬೇಕು. 1982ರಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಕಂಪನಿಗಳ ವಿಲೀನವನ್ನು ಪರಿಶೀಲಿಸಲು ಮಾರ್ಗಸೂಚಿಯೊಂದನ್ನು ಹೊರಡಿಸಿತು. ಒಂದು ವಸ್ತುವಿನ ಮಾರಾಟವೆಲ್ಲ ಒಬ್ಬನ ಕೈಯಲ್ಲೇ ಇದೆಯೆಂದು ಊಹಿಸಿ. ಅವನು ಬೆಲೆಯನ್ನು ಶೇಕಡಾ 5ರಷ್ಟು ಏರಿಸಿದರೆ ಅವನಿಗೆ ಲಾಭವಾದೀತೆ? ಆದೀತೆಂದರೆ ಅದೇ ಮಾರುಕಟ್ಟೆ. ಗಿರಾಕಿಗಳು ಚದುರಿ ನಷ್ಟವಾದೀತೆಂದರೆ ಎಲ್ಲೆಯನ್ನು ಇನ್ನೂ ಹಿಗ್ಗಿಸಬೇಕು. ಇದು ಅದರ ಸಾರಾಂಶ. ಇಬ್ಬರು ಒಂದಾಗುವುದರಿಂದ ನಾಳೆ ಬೆಲೆ ಇಂದಿಗಿಂತ ಏರುವುದೆ ಎಂಬುದು ವಿಲೀನದಲ್ಲಿ ಇರುವ ಪ್ರಶ್ನೆ. ಆದ್ದರಿಂದ ಅಲ್ಲಿ ಇಂದಿನ ಬೆಲೆಯಿಂದ ಹೊರಡುವುದು ಸಾಮಾನ್ಯವಾಗಿ ಸರಿಯೇ.

1997ರಲ್ಲಿ ಸ್ಟೇಪಲ್ಸ್ ಮತ್ತು ಆಫೀಸ್ ಡಿಪೋ ಎಂಬ ಎರಡು ದೊಡ್ಡ ಲೇಖನಸಾಮಗ್ರಿ ಮಳಿಗೆ ಸಂಸ್ಥೆಗಳು ಒಂದಾಗಲು ಹೊರಟವು. ದೇಶದಲ್ಲಿ ಕಾಗದ, ಪೆನ್ನು ಮಾರುವ ಅಂಗಡಿಗಳು ಲೆಕ್ಕವಿಲ್ಲದಷ್ಟು. ನಮ್ಮಿಬ್ಬರದೂ ಕೂಡಿದರೆ ಒಟ್ಟು ಮಾರಾಟದ ಶೇಕಡಾ ಐದೂವರೆ ಮಾತ್ರ ಎಂದು ಅವು ವಾದಿಸಿದವು. ಸೆಲೊಫೇನಿನ ವಾದವೇ ಹೊಸ ಅಂಗಿ ತೊಟ್ಟು ಬಂದಿತ್ತು. ಆದರೆ ಈ ಬಾರಿ ಸರ್ಕಾರದ ವ್ಯಾಪಾರ ಆಯೋಗವು ಊರೂರಿನ ಬೆಲೆಗಳನ್ನೇ ನ್ಯಾಯಾಲಯದ ಮುಂದಿಟ್ಟಿತು. ಇಂಥ ದೊಡ್ಡ ಮಳಿಗೆಗಳ ಮೂರು ಸಂಸ್ಥೆಗಳೂ ಇರುವ ಊರಿಗಿಂತ ಸ್ಟೇಪಲ್ಸ್ ಒಂದೇ ಇರುವ ಊರಿನಲ್ಲಿ ಅದರ ಬೆಲೆ ಶೇಕಡಾ 13ರಷ್ಟು ಹೆಚ್ಚಾಗಿತ್ತು. ಸಣ್ಣ ಅಂಗಡಿಗಳು ಎಲ್ಲ ಊರುಗಳಲ್ಲೂ ಇದ್ದವು. ಅವು ಬೆಲೆಯನ್ನು ತಡೆದು ನಿಲ್ಲಿಸಿರಲಿಲ್ಲ. ನ್ಯಾಯಾಧೀಶರು ವಿಲೀನಕ್ಕೆ ತಡೆ ಹಾಕಿದರು. ಮುಂದೆ 2013ರಲ್ಲಿ ಆಫೀಸ್ ಡಿಪೋ ಮೂರನೆಯ ಸಂಸ್ಥೆಯಾದ ಆಫೀಸ್‌ಮ್ಯಾಕ್ಸ್ ಜೊತೆ ಸೇರಹೊರಟಾಗ ಅದೇ ಆಯೋಗ ಅಡ್ಡ ಬರಲಿಲ್ಲ; ಅಷ್ಟರಲ್ಲಿ ಅಂತರಜಾಲದ ಮೂಲಕ ಮಾರುವವರು ಬಂದು ಮಾರುಕಟ್ಟೆಯ ಎಲ್ಲೆಯೇ ಬದಲಾಗಿತ್ತು. ಎಲ್ಲೆಯು ಕಲ್ಲಿನಲ್ಲಿ ಕೊರೆದದ್ದಲ್ಲ. ಆಯಾ ಕಾಲದಲ್ಲಿ ನೋಡಿ ಗುರುತಿಸಬೇಕಾದದ್ದು.

ನಮ್ಮ ದೇಶದ ಮಾತಿಗೆ ಬರೋಣ. 1969ರ ಏಕಸ್ವಾಮ್ಯ ನಿಯಂತ್ರಣ ಶಾಸನವು ಮುಖ್ಯವಾಗಿ ಗಾತ್ರವನ್ನು ನೋಡುತ್ತಿತ್ತು. 20 ಕೋಟಿ ರೂಪಾಯಿಯ ಆಸ್ತಿಯುಳ್ಳ ಉದ್ಯಮಸಮೂಹ ವಿಸ್ತರಣೆಗೆ ಸರ್ಕಾರದ ಅನುಮತಿ ಬೇಡಬೇಕಾಗಿತ್ತು. 1985ರಲ್ಲಿ ಆ ಮಿತಿಯನ್ನು 100 ಕೋಟಿಗೆ ಏರಿಸಿದರು. 1991ರಲ್ಲಿ ಅದನ್ನು ತೆಗೆದೇ ಹಾಕಿದರು. ಅದರ ಜಾಗಕ್ಕೆ ಬಂದ 2002ರ ಸ್ಪರ್ಧಾ ಶಾಸನದಲ್ಲಿ ಪ್ರಶ್ನೆ ಬೇರೆ. ದೊಡ್ಡವನಾಗಿರುವುದು ತಪ್ಪಲ್ಲ, ಸಂಬಂಧಪಟ್ಟ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದ್ದು ಅದನ್ನು ದುರುಪಯೋಗಪಡಿಸಿಕೊಳ್ಳುವುದು ತಪ್ಪು. ಆ ಮಾರುಕಟ್ಟೆಯನ್ನು ಗುರುತಿಸುವಾಗ ವಸ್ತುವಿನ ಲಕ್ಷಣ, ಬಳಕೆ, ಬೆಲೆ, ಬಳಕೆದಾರರ ಒಲವು ಮುಂತಾದವನ್ನು ನೋಡಬೇಕೆಂದು ಶಾಸನವೇ ಪಟ್ಟಿ ಮಾಡಿಕೊಟ್ಟಿದೆ. ಹೀಗೆ ಸೆಲೊಫೇನಿನ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಆಯಿತು.

ಬೆಂಗಳೂರಿನ ಟ್ಯಾಕ್ಸಿಗಳ ಪ್ರಕರಣವನ್ನು ನೋಡಿ. ಓಲಾ ಸಂಸ್ಥೆಯು ಖರ್ಚಿಗಿಂತ ಕಡಿಮೆ ದರಕ್ಕೆ ಓಡಿಸಿ, ಚಾಲಕರಿಗೆ ಪ್ರೋತ್ಸಾಹಧನ ಕೊಟ್ಟು ತಮ್ಮನ್ನು ಹೊರದೂಡುತ್ತಿದೆಯೆಂದು ಬೇರೆ ಟ್ಯಾಕ್ಸಿ ಸಂಸ್ಥೆಗಳು 2015ರಲ್ಲಿ ಭಾರತದ ಸ್ಪರ್ಧಾ ಆಯೋಗಕ್ಕೆ ದೂರಿತ್ತವು. ಬೆಂಗಳೂರು ನಗರದ ರೇಡಿಯೋ ಟ್ಯಾಕ್ಸಿ ಸೇವೆಯೇ ಇಲ್ಲಿಯ ಮಾರುಕಟ್ಟೆಯೆಂದು ಆಯೋಗವು ಗುರುತಿಸಿತು. ಉಬರ್ ಸಂಸ್ಥೆ ಅಲ್ಲಿ ಬಲವಾಗಿ ಸೆಣಸುತ್ತಿರುವುದರಿಂದ ಓಲಾಗೆ ಪ್ರಾಬಲ್ಯವಿದೆ ಎನ್ನಲಾಗದು ಎಂದು 2017ರಲ್ಲಿ ತೀರ್ಮಾನಿಸಿತು. ಪ್ರಾಬಲ್ಯವೇ ಇಲ್ಲವೆಂದ ಮೇಲೆ ಅದರ ದುರುಪಯೋಗದ ಪ್ರಶ್ನೆ ಏಳಲಿಲ್ಲ. ತೀರ್ಮಾನವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಇದು ಕಡವಿನ ಕಥೆಯ ತಿರುವುಮುರುವು ಎಂದು ನನಗೆ ತೋರುತ್ತದೆ. ಅಲ್ಲಿ ದರವು ಏರಿದ್ದರಿಂದ ಕಣ್ಣು ಮೋಸಹೋಯಿತು. ದರವು ಕೃತಕವಾಗಿ ಇಳಿದಿರುವಾಗಲೂ ಕಣ್ಣು ಮೋಸಹೋದೀತು. ಅಗ್ಗದ ದಿನ ಎಲ್ಲರೂ ಸುಖಿಗಳೇ. ಇತರರು ಬಾಗಿಲು ಮುಚ್ಚಿದ ಮೇಲೆ ದರವೇನಾದೀತೆಂಬುದು ಅಂದಿನ ರಸೀತಿಯಲ್ಲಿ ಕಾಣುವುದಿಲ್ಲ.

ಕೊನೆಯದಾಗಿ ಒಂದು ಮಾತು. ಅಳತೆಗೋಲು ಎಷ್ಟು ನಿಖರವಾದರೂ ಏನನ್ನು ಅಳೆಯಬೇಕೆಂದು ಅದು ಹೇಳಲಾರದು. 1966ರಲ್ಲಿ ಲಾಸ್ ಏಂಜಲೀಸ್ ನಗರದ ಎರಡು ದಿನಸಿ ಮಳಿಗೆ ಸಂಸ್ಥೆಗಳು ಒಂದಾಗುವುದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತಡೆಯಿತು. ಅವುಗಳ ಒಟ್ಟು ಪಾಲು ಶೇಕಡಾ 7.5 ಅಷ್ಟೆ. ಸಣ್ಣ ಅಂಗಡಿಕಾರರು ಮರೆಯಾಗುತ್ತಿದ್ದಾರೆಂಬ ಕಳವಳ ಆ ತೀರ್ಪಿನ ಹಿಂದೆ ಇತ್ತು. 1978ರಲ್ಲಿ ರಾಬರ್ಟ್ ಬೋರ್ಕ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಳಕೆದಾರನ ಹಿತವೊಂದೇ ಈ ಕಾನೂನಿನ ಗುರಿಯಾಗಬೇಕೆಂದು ವಾದಿಸಿದರು. ಮುಂದಿನ ದಶಕಗಳಲ್ಲಿ ನ್ಯಾಯಾಲಯಗಳು ಬಹುಮಟ್ಟಿಗೆ ಆ ಕಡೆಗೆ ವಾಲಿದವು. ಅಂಗಡಿಯ ಸಾಲು ಉಳಿಯಬೇಕೆ, ಅಕ್ಕಿಯ ಬೆಲೆ ಇಳಿಯಬೇಕೆ ಎಂಬುದು ಸಮಾಜವು ತನ್ನ ಶಾಸನದ ಮೂಲಕ ನಿರ್ಧರಿಸಬೇಕಾದ ಸಂಗತಿ. ಒಂದನ್ನು ಆರಿಸಿದರೆ ಇನ್ನೊಂದಕ್ಕೆ ಎಷ್ಟು ತೆರಬೇಕಾದೀತೆಂದು ಅರ್ಥಶಾಸ್ತ್ರ ಹೇಳಬಲ್ಲದು. ಆರಿಸುವ ಕೆಲಸ ಅದರದಲ್ಲ.

ನಮ್ಮ ಕಡವು ಈಗಿಲ್ಲ. ಅದೇ ಜಾಗದಲ್ಲಿ ಸೇತುವೆಯಾಗಿ ಬಹಳ ವರ್ಷಗಳಾದವು. ಕಾರಿನಲ್ಲಿ ಅದರ ಮೇಲೆ ಹಾದುಹೋಗುವಾಗಲೆಲ್ಲ ಅಂದು ಸುಮ್ಮನಾದ ಹಿರಿಯರು ನನಗೆ ನೆನಪಾಗುತ್ತಾರೆ. ಅವರಿಗೆ ನ್ಯಾಯ ಯಾವುದೆಂದು ತಿಳಿದಿತ್ತು; ಅದನ್ನು ಹೇಳುವ ಮಾತು ಮಾತ್ರ ಸಿಕ್ಕಿರಲಿಲ್ಲ. “ಒಂದಾಣೆ ಇದ್ದಾಗ ಸೇತುವೆಗೆ ಯಾರಪ್ಪಾ ಹೋಗುತ್ತಿದ್ದರು?” ಎಂದು ಅವರಲ್ಲೊಬ್ಬರು ಕೇಳಿದ್ದರೆ ಸಾಕಾಗಿತ್ತು. ಬಲ್ಲವರ ಚತುರ ಉತ್ತರದ ಮುಂದೆ ಸಾಮಾನ್ಯ ಜನರು ಹೀಗೆ ಮಾತು ಸೋತು ನಿಲ್ಲಬಾರದು. ಅವರ ಬಾಯಿಗೆ ಆ ಒಂದು ಪ್ರಶ್ನೆಯನ್ನು ಒದಗಿಸಿಕೊಡುವುದಾದರೆ ನಮ್ಮ ಶಾಸ್ತ್ರವು ನ್ಯಾಯಾಲಯದಲ್ಲಿ ತನ್ನ ಕೆಲಸ ಮಾಡಿದಂತೆ.